ಮೆರವಣಿಗೆಯ ಫೋಟೊ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಹಾಸನ, ಚಿಕ್ಕಮಗಳೂರು

ಹಾಸನದ ಹೇಮಾವತಿ ಪ್ರತಿಮೆಯಿಂದ ಹೊರಟು ಎನ್.ಆರ್. ವೃತ್ತದ ಮೂಲಕ ಜಿಲ್ಲಾಧಿಕಾರಿ ಕಚೇರಿ ಮುಟ್ಟುವ ಮೆರವಣಿಗೆಗಳಲ್ಲಿ ಈಗ ಪತ್ರಿಕೆಯವರಿಗಿಂತ ಮೊಬೈಲ್ ಹಿಡಿದವರೇ ಜಾಸ್ತಿ. ಚಿಕ್ಕಮಗಳೂರಿನ ಆಜಾದ್ ಪಾರ್ಕ್ ವೃತ್ತದಲ್ಲೂ ಅಷ್ಟೇ. ಸಂಜೆಯಾಗುವಷ್ಟರಲ್ಲಿ ನೂರಾರು ಫೋಟೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಎರಡು ವರ್ಷ ಬಿಟ್ಟು ಅವನ್ನೇ ತೆರೆದು ನೋಡಿ: ಯಾವ ಹೋರಾಟ, ಯಾವ ಊರಿನವರು, ಏನು ಕೇಳಲು ಬಂದಿದ್ದರು, ಒಂದೂ ತಿಳಿಯುವುದಿಲ್ಲ. ಬೀದಿಗೆ ಇಳಿದವರು ಕೆಲಸ ಬಿಟ್ಟು, ಅಂದಿನ ಕೂಲಿ ಬಿಟ್ಟು ಬಂದಿರುತ್ತಾರೆ. ಅವರ ಬೇಡಿಕೆ ಫೋಟೊದಲ್ಲಿ ಉಳಿಯಬೇಕು. ಕ್ಯಾಮೆರಾ ಹಿಡಿದ ಹೊಸಬರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಆ ದೃಷ್ಟಿಯಿಂದಲೇ ಇಲ್ಲಿ ಉತ್ತರಿಸಿದ್ದೇನೆ.

ನಾನು ಪತ್ರಕರ್ತನಲ್ಲ. ಪ್ರತಿಭಟನೆಯ ಫೋಟೊ ತೆಗೆಯಬಹುದೇ?

ಧಾರಾಳವಾಗಿ ತೆಗೆಯಬಹುದು. ಸಾರ್ವಜನಿಕ ರಸ್ತೆಯಲ್ಲಿ ನಿಂತು ಸಾರ್ವಜನಿಕವಾಗಿ ನಡೆಯುತ್ತಿರುವುದನ್ನು ಚಿತ್ರಿಸಲು ಪ್ರೆಸ್ ಕಾರ್ಡ್ ಬೇಕಿಲ್ಲ. ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯ ಪತ್ರಕರ್ತರಿಗೆ ಬೇರೆ, ನಮಗೆ ಬೇರೆ ಎಂದಿಲ್ಲ. ಆದರೆ ಕಚೇರಿಯ ಒಳಗೆ, ಅಧಿಕಾರಿಯ ಕೊಠಡಿಯಲ್ಲಿ, ಕೋರ್ಟ್ ಆವರಣದಲ್ಲಿ ಅನುಮತಿ ಕೇಳಲೇಬೇಕು. ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಆ ಆದೇಶದ ಪ್ರತಿಯನ್ನು ಓದಿಕೊಂಡು ಹೋಗಿ. ಬಾಯಿಮಾತಿನಲ್ಲಿ ಇಂದಿಗೂ 144 ಎನ್ನುತ್ತೇವೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಯಾವ ಪ್ರದೇಶ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಏನೇನು ನಿಷಿದ್ಧ ಎಂಬುದೆಲ್ಲ ಆದೇಶದಲ್ಲೇ ಇರುತ್ತದೆ.

ಯಾವ ಕ್ಯಾಮೆರಾ ಬೇಕು?

ಕೈಯಲ್ಲಿರುವ ಮೊಬೈಲ್ ಸಾಕು. ಹೊರಡುವ ಮುನ್ನ ಲೆನ್ಸ್ ಒರೆಸಿ, ಫೋನಿನ ಮೆಮೊರಿಯಲ್ಲಿ ಜಾಗ ಮಾಡಿಕೊಳ್ಳಿ, ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಕ್ಯಾಮೆರಾ ಇದ್ದವರು ಅದರ ಗಡಿಯಾರ ಸರಿಯಿದೆಯೇ ನೋಡಿ. ತಾರೀಖು ತಪ್ಪಿದ ಫೋಟೊ ಮುಂದೆ ತಲೆನೋವು ತರುತ್ತದೆ.

ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು?

ಕರಪತ್ರದಲ್ಲಿ ಬೆಳಿಗ್ಗೆ 11 ಎಂದಿದ್ದರೆ ನೀವು 10ಕ್ಕೇ ಅಲ್ಲಿರಿ. ಅರಕಲಗೂಡು, ಆಲೂರು, ಬೇಲೂರು ಕಡೆಯ ಬಸ್ಸುಗಳಿಂದ ಜನ ಇಳಿಯುವುದು, ಬ್ಯಾನರಿನ ಹಗ್ಗ ಬಿಚ್ಚುವುದು, ತಮಟೆಯವರು ಬೆಂಕಿ ಹಾಕಿ ತಮಟೆ ಕಾಯಿಸುವುದು, ಯಾರೋ ಹುಡುಗಿ ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಸ್ಕೆಚ್ ಪೆನ್ನಿನಲ್ಲಿ ಘೋಷಣೆ ಬರೆಯುವುದು, ಎಲ್ಲವೂ ಆ ಒಂದು ಗಂಟೆಯಲ್ಲೇ ನಡೆಯುತ್ತದೆ. ಅಚ್ಚು ಹಾಕಿಸಿದ ಫ್ಲೆಕ್ಸಿನಲ್ಲಿ ಸಂಘಟನೆಯ ಮಾತಿರುತ್ತದೆ. ಕೈಬರಹದ ರಟ್ಟಿನಲ್ಲಿ ಬಂದವರ ಸ್ವಂತ ಮಾತಿರುತ್ತದೆ. ಶಾಯಿ ಇಂಗಿದ್ದರೆ ಇಂಗಿದ ಹಾಗೆಯೇ, ಒತ್ತಕ್ಷರ ತಪ್ಪಿದ್ದರೆ ತಪ್ಪಿದ ಹಾಗೆಯೇ, ಅಕ್ಷರವೆಲ್ಲ ಓದಲು ಬರುವಷ್ಟು ಹತ್ತಿರದಿಂದ ಅದನ್ನು ತೆಗೆಯಿರಿ. ಹಿಡಿದ ಕೈ ಚೌಕಟ್ಟಿನಲ್ಲಿರಲಿ. ಬಳೆ, ಕಾಫಿ ಹಣ್ಣು ಬಿಡಿಸಿ ಕಪ್ಪಾದ ಬೆರಳು, ಮಣಿಕಟ್ಟಿಗೆ ಸುತ್ತಿದ ಬಸ್ ಟಿಕೆಟ್ ಇವೆಲ್ಲ ಬೇಡಿಕೆಯ ಭಾಗವೇ.

ಮೆರವಣಿಗೆ ಹೊರಟ ಮೇಲೆ ಎಲ್ಲ ಕ್ಯಾಮೆರಾಗಳೂ ಮುಂದಿನ ಬ್ಯಾನರ್ ಎದುರು ಹಿಂದೆ ಹಿಂದೆ ನಡೆಯುತ್ತವೆ. ಮುಖಂಡರ ಆ ಫೋಟೊ ನಾಲ್ಕು ತೆಗೆದುಕೊಂಡರೆ ಮುಗಿಯಿತು. ಆಮೇಲೆ ರಸ್ತೆ ಬದಿಯಲ್ಲಿ ನಿಂತು ಇಡೀ ಮೆರವಣಿಗೆ ನಿಮ್ಮ ಮುಂದೆ ಸಾಗಿಹೋಗಲು ಬಿಡಿ. ದೂರದ ಊರಿನವರು, ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬಂದವರು, ಮಗು ಎತ್ತಿಕೊಂಡವರು ಹೆಚ್ಚಾಗಿ ಕೊನೆಯಲ್ಲಿ ಇರುತ್ತಾರೆ. ಅವರ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುವುದೇ ಇಲ್ಲ. ನೀವೂ ತೆಗೆಯದಿದ್ದರೆ ಅವರು ಬಂದಿದ್ದಕ್ಕೆ ದಾಖಲೆಯೇ ಇಲ್ಲ.

ಆಜಾದ್ ಪಾರ್ಕ್ ವೃತ್ತದ ಪ್ರತಿಭಟನೆಗಳ ರೀತಿ ಬೇರೆ. ಅಲ್ಲಿ ಜನ ನಿಂತಲ್ಲೇ ನಿಂತು ಭಾಷಣ ಕೇಳುತ್ತಾರೆ. ಹೊರಗಿನಿಂದ ತೆಗೆದರೆ ಬೆನ್ನುಗಳು ಮಾತ್ರ ಬರುತ್ತವೆ. ಒಳಗೆ ಹೋಗಿ, ಕೂತು, ಭಾಷಣಕಾರರಿಗೆ ಬೆನ್ನು ಹಾಕಿ ಕೇಳುವವರನ್ನು ನೋಡಿ.

ಕೊನೆಯ ಘಟ್ಟ ಮನವಿ ಪತ್ರ ಕೊಡುವುದು. ಜಿಲ್ಲಾಧಿಕಾರಿ ಬರುತ್ತಾರೋ, ಉಪವಿಭಾಗಾಧಿಕಾರಿ ಬರುತ್ತಾರೋ, ಶಿರಸ್ತೇದಾರರನ್ನು ಕಳಿಸುತ್ತಾರೋ ಎಂಬುದರಲ್ಲೇ ಆಡಳಿತ ಆ ಬೇಡಿಕೆಗೆ ಎಷ್ಟು ಬೆಲೆ ಕೊಟ್ಟಿತು ಎಂಬುದು ಗೊತ್ತಾಗುತ್ತದೆ. ಅಧಿಕಾರಿ ಮೆಟ್ಟಿಲ ಮೇಲೆ, ಜನ ಕೆಳಗೆ. ಆ ಎತ್ತರದ ವ್ಯತ್ಯಾಸ ಕಾಣಬೇಕಾದರೆ ಪಕ್ಕದಿಂದ ತೆಗೆಯಿರಿ. ಆಮೇಲೆ ಸಂಘಟಕರನ್ನು ಕೇಳಿ ಮನವಿ ಪತ್ರದ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ, ಸ್ವೀಕೃತಿಯ ಸೀಲು, ಸಹಿ ಸಮೇತ. ನನ್ನ ಅಭಿಪ್ರಾಯದಲ್ಲಿ ಇಡೀ ದಿನದ ಅತಿ ಮುಖ್ಯ ಫೋಟೊ ಅದೇ. ನೋಡಲು ಚೆಂದವಿರುವುದಿಲ್ಲ, ನಿಜ.

ಮಧ್ಯಾಹ್ನದ ಬಿಸಿಲಿಗೆ ಮುಖವೆಲ್ಲ ಕಪ್ಪಾಗಿ ಬರುತ್ತದೆ. ಏನು ಮಾಡಲಿ?

ಬಿಸಿಲು ನೆತ್ತಿಯ ಮೇಲಿದ್ದಾಗ ಟೋಪಿ, ಶಾಲು, ಸೆರಗಿನ ಕೆಳಗೆ ಕಣ್ಣು ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಒಂದು ಹಂತ ಏರಿಸಿ. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ. ಆಕಾಶ ಬೆಳ್ಳಗಾದರೆ ಆಗಲಿ. ಕೈ ಎತ್ತಿ ಧಿಕ್ಕಾರ ಕೂಗುವ ಕ್ಷಣಕ್ಕೆ ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನವಾಗಿರಬಾರದು. ಲೆನ್ಸಿನ ಕಿಂಡಿಯ ಅಳತೆ (ಅಪರ್ಚರ್) ಎಫ್ 8 ಇಟ್ಟುಕೊಂಡರೆ ಮುಂದಿನ ಸಾಲು, ಹಿಂದಿನ ಬ್ಯಾನರ್ ಎರಡೂ ಓದಲು ಬರುತ್ತವೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಪ್ರತಿಭಟನೆಗೆ ಬೇಡವೇ ಬೇಡ. ಯಾವ ರಸ್ತೆ, ಯಾವ ಕಚೇರಿ, ಬ್ಯಾನರಿನಲ್ಲಿ ಏನಿತ್ತು ಎಂಬುದೆಲ್ಲ ಹಿನ್ನೆಲೆಯಲ್ಲೇ ಇರುತ್ತದೆ.

ಮಲೆನಾಡಿನ ಮಳೆಯಲ್ಲಿ?

ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿಭಟನೆ ಎಂದರೆ ಕೊಡೆಗಳ ಮೆರವಣಿಗೆ. ಮಳೆಗಾಲ ಎಂದು ಹೋರಾಟ ನಿಲ್ಲುವುದಿಲ್ಲ. ಇಲ್ಲಿ ವಿರೋಧ ಎದುರಿಸುವ, ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತ 6ನೇ ಕರಡು ಅಧಿಸೂಚನೆ ಹೊರಬಿದ್ದಿದ್ದೇ 2024ರ ಜುಲೈ 31ರಂದು. ಲೆನ್ಸಿಗೆ ಹುಡ್ ಹಾಕಿ, ಕ್ಯಾಮೆರಾಗೆ ದಪ್ಪ ಪ್ಲಾಸ್ಟಿಕ್ ಕವರ್ ಕಟ್ಟಿ, ಒರೆಸಲು ಹಳೆಯ ಹತ್ತಿ ಪಂಚೆಯ ತುಂಡು ಇರಲಿ. ಮಳೆಯಲ್ಲಿ ಸ್ಕೆಚ್ ಪೆನ್ನಿನ ಶಾಯಿ ಹರಿದು ಘೋಷಣೆ ಕದಡಿಹೋಗುತ್ತದೆ, ಆದ್ದರಿಂದ ಭಿತ್ತಿಪತ್ರಗಳ ಫೋಟೊ ಮೊದಲೇ ಮುಗಿಸಿ.

ಮಳೆಗಿಂತ ಹೆಚ್ಚು ಹಾಳು ಮಾಡುವುದು ಮನೆಯೊಳಗಿನ ತೇವ. ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ, ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ.

ಫೋಟೊದ ಜೊತೆ ಏನು ಬರೆದಿಡಬೇಕು?

ಹೆಚ್ಚಿನವರು ಸೋಲುವುದು ಇಲ್ಲಿಯೇ. "ಹಾಸನದಲ್ಲಿ ಬೃಹತ್ ಪ್ರತಿಭಟನೆ" ಎಂದು ಬರೆದರೆ ಏನೂ ಬರೆಯದ ಹಾಗೆಯೇ. ಬರೆಯಬೇಕಾದ್ದು ಇಷ್ಟು: ತಾರೀಖು ಮತ್ತು ಹೊತ್ತು, ಎಲ್ಲಿಂದ ಎಲ್ಲಿಗೆ, ಯಾವ ಸಂಘಟನೆಗಳು, ಯಾವ ತಾಲ್ಲೂಕು, ಯಾವ ಊರಿನವರು, ಏನು ಕೇಳಿದರು, ಮನವಿ ಪಡೆದವರು ಯಾವ ಹುದ್ದೆಯವರು, ಏನು ಉತ್ತರ ಕೊಟ್ಟರು.

"ಏನು ಕೇಳಿದರು" ಎಂಬ ಕಡೆ ಅವಸರ ಮಾಡಬೇಡಿ. ಅರಸೀಕೆರೆಯಲ್ಲಿ ತೆಂಗು ಬೆಳೆಗಾರರು ಕುಳಿತಿದ್ದರೆ "ರೈತರ ಪ್ರತಿಭಟನೆ" ಎಂದರೆ ಸಾಲದು. ಕೊಬ್ಬರಿಗೆ ಬೆಂಬಲ ಬೆಲೆ ಎಷ್ಟು ಕೇಳಿದರು, ಖರೀದಿ ಕೇಂದ್ರ ಎಲ್ಲಿ ತೆರೆಯಬೇಕೆಂದರು, ನೋಂದಣಿಯಲ್ಲಿ ಏನು ತೊಂದರೆಯಾಗಿತ್ತು? ಹೇಮಾವತಿ ಜಲಾಶಯದ ಸಂತ್ರಸ್ತರು ಬಂದಿದ್ದರೆ ಅವರು ಯಾವ ಮುಳುಗಡೆ ಊರಿನವರು, ಜಮೀನು ಎಲ್ಲಿ ಮಂಜೂರಾಗಿದೆ, ಅದರಲ್ಲಿ ಯಾರು ಕೂತಿದ್ದಾರೆ? ಈ ಜಲಾಶಯದ ಗೊರೂರಿನ ಅಣೆಕಟ್ಟೆ ಮುಗಿದಿದ್ದು 1979ರಲ್ಲಿ. ಅಂದು ಮಕ್ಕಳಾಗಿದ್ದವರು ಈಗ ತಲೆ ನರೆತು ಮನವಿ ಹಿಡಿದು ನಿಲ್ಲುತ್ತಾರೆ. ಈ ಮಾತು ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ಫೋಟೊದಲ್ಲಿ ಕಾಣುವುದು ಹಸಿರು ಶಾಲು ಹೊದ್ದ ಒಬ್ಬ ಮುದುಕ, ಅಷ್ಟೇ.

ಅಂದಿನ ರಾತ್ರಿಯೇ ಬರೆಯಿರಿ. ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಎಷ್ಟೋ ಶೀರ್ಷಿಕೆಗಳು ಇವತ್ತಿನ ಫೋನಿನಲ್ಲಿ ಅರ್ಥವಾಗದ ಗುರುತುಗಳಾಗಿ ತೆರೆದುಕೊಳ್ಳುತ್ತವೆ.

ಎಷ್ಟು ಜನ ಸೇರಿದ್ದರು ಎಂದು ಹೇಳುವುದು ಹೇಗೆ?

ಸಂಘಟಕರು ಒಂದು ಲೆಕ್ಕ ಹೇಳುತ್ತಾರೆ, ಪೊಲೀಸರು ಇನ್ನೊಂದು. ನಿಮ್ಮದೇ ಅಂದಾಜು ಮಾಡಿ. ಅಮೆರಿಕದ ಪತ್ರಿಕೋದ್ಯಮದ ಮೇಷ್ಟ್ರು ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ವಿದ್ಯಾರ್ಥಿ ಪ್ರತಿಭಟನೆಗಳನ್ನು ನೋಡಿ ಒಂದು ಸರಳ ವಿಧಾನ ರೂಪಿಸಿದರು. ಕೈಚಾಚಿದಷ್ಟು ಬಿಡುವಿನಲ್ಲಿ ಜನ ನಿಂತಿದ್ದರೆ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತಿದ್ದರೆ 4.5 ಚದರ ಅಡಿ. ರಸ್ತೆ 30 ಅಡಿ ಅಗಲ, ಜನ ತುಂಬಿದ ಉದ್ದ 200 ಅಡಿ ಎಂದರೆ 6,000 ಚದರ ಅಡಿ. ಬಿಡುವಾಗಿದ್ದರೆ 600 ಜನ, ಒತ್ತಾಗಿದ್ದರೆ ಸುಮಾರು 1,300. ಚಲಿಸುವ ಮೆರವಣಿಗೆಯಾದರೆ ಒಂದು ಕಂಬ ಗುರುತಿಟ್ಟುಕೊಂಡು ನಿಮಿಷಕ್ಕೆ ಎಷ್ಟು ಜನ ದಾಟುತ್ತಾರೆ ಎಂದು ಎಣಿಸಿ, ಒಟ್ಟು ಎಷ್ಟು ನಿಮಿಷ ಹಿಡಿಯಿತೋ ಅದರಿಂದ ಗುಣಿಸಿ.

ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಟೆಲಿ ಲೆನ್ಸ್ ಜನರನ್ನು ಒತ್ತೊತ್ತಾಗಿ ಜೋಡಿಸಿ ಇನ್ನೂರನ್ನು ಸಾವಿರವಾಗಿ ತೋರಿಸುತ್ತದೆ. ಹಾಗೆ ತೆಗೆದದ್ದನ್ನು ಜನಸಾಗರ ಎಂದು ಹಾಕುವುದು ಹೋರಾಟಕ್ಕೇ ಮಾಡುವ ದ್ರೋಹ. ಐವತ್ತೇ ಜನ ಬಂದಿದ್ದರೂ ಅವರ ಬೇಡಿಕೆ ನ್ಯಾಯವಾಗಿದ್ದರೆ ಐವತ್ತು ಎಂದು ಬರೆಯಲು ಅಂಜಬೇಕಿಲ್ಲ.

ಮುಖ ತೋರಿಸಬಹುದೇ?

ಕಾನೂನು ತಡೆಯದ ಕಡೆಯೂ ನಾವು ನಿಂತು ಯೋಚಿಸಬೇಕಾದ ಪ್ರಶ್ನೆ ಇದು. ತೋಟದ ಕಾರ್ಮಿಕರು ಕೂಲಿ ಹೆಚ್ಚಿಸಿ ಎಂದು ಬೀದಿಗೆ ಬಂದಾಗ ಅವರ ಮನೆಯೂ ಮಾಲೀಕರ ತೋಟದೊಳಗೇ ಇರುತ್ತದೆ ಎಂಬುದನ್ನು ಮರೆಯಬಾರದು. ಫೋಟೊ ನೋಡಿ ಕೆಲಸ ಹೋದರೆ ಸೂರೂ ಹೋಗುತ್ತದೆ. ಅತಿಥಿ ಉಪನ್ಯಾಸಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರಿಗೆ ನೋಟಿಸ್ ಭಯ. ವೇದಿಕೆ ಹತ್ತಿ ಮಾತಾಡುವ ಮುಖಂಡರ ಮುಖಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಸಾಲಿನಲ್ಲಿ ನಡೆಯುವ ಒಬ್ಬರನ್ನೇ ಹತ್ತಿರದಿಂದ ತೆಗೆದಿರಾದರೆ ಫೋಟೊ ತೋರಿಸಿ, "ಹಾಕಬಹುದಾ ಅಕ್ಕಾ?" ಎಂದು ಕೇಳಿ. ಬೇಡ ಎಂದರೆ ಅವರ ಎದುರೇ ಅಳಿಸಿ.

2024ರ ಮೇ 30ರ "ಹಾಸನ ಚಲೋ" ನೆನಪಿಸಿಕೊಳ್ಳಿ. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಹಾಸನದ ಆಗಿನ ಸಂಸದರ ಬಂಧನಕ್ಕೆ, ನೊಂದ ಮಹಿಳೆಯರಿಗೆ ನ್ಯಾಯಕ್ಕೆ ಒತ್ತಾಯಿಸಿ ರಾಜ್ಯದ ನಾನಾ ಕಡೆಯಿಂದ ಜನ ಬಂದಿದ್ದರು. ಅದಕ್ಕೂ ತಿಂಗಳ ಹಿಂದೆ ಇದೇ ಜಿಲ್ಲೆಯಲ್ಲಿ ಪೆನ್ ಡ್ರೈವ್‌ಗಳಲ್ಲಿ ಮಹಿಳೆಯರ ವಿಡಿಯೊಗಳು ಹಂಚಿಕೆಯಾಗಿದ್ದವು. ಚಿತ್ರಗಳನ್ನೇ ಆಯುಧ ಮಾಡಿಕೊಂಡ ಊರಿನಲ್ಲಿ ಕ್ಯಾಮೆರಾ ಕಂಡು ಹೆಣ್ಣುಮಕ್ಕಳು ಸೆರಗು ಎಳೆದುಕೊಂಡರೆ ಅದರ ಕಾರಣ ನಮಗೆ ತಿಳಿದಿರಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ. ಹೆಸರು ಬರೆಯದಿದ್ದರೂ ಮನೆ, ಬೀದಿ, ಸಂಬಂಧಿಕರ ಮುಖ ತೋರಿಸಿದರೆ ಗುರುತು ಸಿಕ್ಕಂತೆಯೇ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿಯಾಗಿದೆ.

ಮುಖ ಮರೆಮಾಡುವಾಗ ತೆಳ್ಳಗೆ ಬ್ಲರ್ ಮಾಡಿದರೆ ಸಾಲದು. ಪೂರ್ತಿ ಬಣ್ಣದ ಚೌಕ ಹಾಕಿ, ಅದನ್ನು ಹೊಸ ಫೈಲ್ ಆಗಿ ಉಳಿಸಿ. ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಹಂಚುವ ಪ್ರತಿಯಿಂದ ತೆಗೆಯಿರಿ, ಮೂಲ ಪ್ರತಿಯಲ್ಲಿ ಇರಲಿ. ಮುಖವೇ ಬೇಡ ಎನಿಸಿದರೆ ಹಿಂದಿನಿಂದ ತೆಗೆಯಿರಿ. ಹೆಗಲು, ಬಾವುಟ, ಚಪ್ಪಲಿ ಸವೆದ ಕಾಲುಗಳೂ ಎಲ್ಲವನ್ನೂ ಹೇಳುತ್ತವೆ.

ಕಾಡಾನೆ ದಾಳಿಯಲ್ಲಿ ಸತ್ತವರ ಶವವಿಟ್ಟು ಪ್ರತಿಭಟನೆ ನಡೆದರೆ?

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದವರಿಗೆ ಈ ದೃಶ್ಯ ಹೊಸದಲ್ಲ. ಮೊದಲು ಕ್ಯಾಮೆರಾ ಕೆಳಗಿಳಿಸಿ, ಮನೆಯವರಲ್ಲಿ ಯಾರಾದರೊಬ್ಬರ ಹತ್ತಿರ ಮಾತಾಡಿ. ಶವದ ಮುಖ, ಗಾಯ ಬೇಡ. ಆಂಬುಲೆನ್ಸ್ ಸುತ್ತ ನಿಂತ ಊರವರು, ಅರಣ್ಯಾಧಿಕಾರಿ ಎದುರು ಕೈ ತೋರಿಸಿ ಮಾತಾಡುವ ನೆರೆಮನೆಯಾತ, ಆನೆ ಬಂದ ದಾರಿ, ಮುರಿದ ಬೇಲಿ, ತುಳಿದ ಕಾಫಿ ಗಿಡ ಇವು ಬೇಕು. ಅಧಿಕಾರಿ ಎಲ್ಲರೆದುರು ಕೊಟ್ಟ ಭರವಸೆಯನ್ನು ವಿಡಿಯೊದಲ್ಲಿ ಪೂರ್ತಿ ದಾಖಲಿಸಿ, ಮಧ್ಯೆ ನಿಲ್ಲಿಸಬೇಡಿ. ಮುಂದಿನ ಸಾವಿನ ದಿನ ಅದನ್ನೇ ಅವರ ಮುಂದೆ ಇಡಲು ಊರವರಿಗೆ ಬೇಕಾಗುತ್ತದೆ. ಅಳುತ್ತಿರುವ ಮಕ್ಕಳ ಹತ್ತಿರದ ಚಿತ್ರವನ್ನು ನಾನಂತೂ ತೆಗೆಯುವುದಿಲ್ಲ.

ಪೊಲೀಸರು "ಡಿಲೀಟ್ ಮಾಡು", "ಫೋನ್ ಕೊಡು" ಎಂದರೆ?

ವಾದ ಬೆಳೆಸಬೇಡಿ, ಓಡಲೂ ಬೇಡಿ. ಸ್ಥಳದಲ್ಲೇ ಫೋಟೊ ಅಳಿಸಿ ಎಂದು ಬಲವಂತ ಮಾಡುವ ಅಧಿಕಾರ ಪೊಲೀಸರಿಗಿಲ್ಲ ಎಂಬುದನ್ನು ಮೆಲ್ಲಗೆ ಹೇಳಿ. ಅಪರಾಧದ ತನಿಖೆಗೆ ಬೇಕೆಂದು ಫೋನ್ ವಶಪಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಇದೆ. ಹಾಗೆ ವಶಪಡಿಸಿಕೊಂಡದ್ದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಮಹಜರು ಅಥವಾ ರಸೀತಿ ಕೇಳಿ. ಅಧಿಕಾರಿಯ ಹೆಸರು, ಠಾಣೆ, ಹೊತ್ತು ಬರೆದಿಟ್ಟುಕೊಳ್ಳಿ. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. ಹೊರಡುವ ಮೊದಲೇ ಬೆರಳಚ್ಚಿನ ಲಾಕ್ ತೆಗೆದು ಉದ್ದನೆಯ ಪಾಸ್‌ವರ್ಡ್ ಹಾಕಿಕೊಳ್ಳಿ, ಒಬ್ಬ ವಕೀಲರ ನಂಬರನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ಲಾಠಿ ಪ್ರಹಾರ ಶುರುವಾದರೆ ಪೊಲೀಸರ ಮತ್ತು ಜನರ ನಡುವೆ ಸಿಕ್ಕಿಹಾಕಿಕೊಳ್ಳದಂತೆ ಪಕ್ಕದ ಅಂಗಡಿ ಜಗುಲಿ ಹತ್ತಿಬಿಡಿ.

ದತ್ತ ಜಯಂತಿಯಂಥ ಬಿಗಿ ವಾತಾವರಣದಲ್ಲಿ?

ಡಿಸೆಂಬರ್‌ನಲ್ಲಿ ಬಾಬಾಬುಡನ್‌ಗಿರಿ ವಿಚಾರವಾಗಿ ಚಿಕ್ಕಮಗಳೂರು ಪೊಲೀಸರಿಂದ ತುಂಬಿಹೋಗುತ್ತದೆ. ಆ ದಿನಗಳಲ್ಲಿ ತೆಗೆದ ಫೋಟೊವನ್ನು ಸ್ಥಳದಿಂದಲೇ ಹಂಚಬೇಡಿ. ಊರು, ತಾರೀಖು ಇಲ್ಲದ ಒಂದು ಚಿತ್ರ ಬೇರೆ ಊರಿನ ಗಲಾಟೆಯ ಚಿತ್ರವಾಗಿ ಮಾರನೆಯ ದಿನವೇ ತಿರುಗಿ ಬರುತ್ತದೆ. ಅದಕ್ಕೆ ಹಂಚುವ ಪ್ರತಿಯ ಮೂಲೆಯಲ್ಲೇ ಸ್ಥಳ ಮತ್ತು ದಿನಾಂಕ ಅಚ್ಚಾಗಿರಲಿ. ಮಸೀದಿಯ ಮುಂದೆ, ದೇವಸ್ಥಾನದ ಮುಂದೆ ಕ್ಷಣ ನಿಂತ ಮೆರವಣಿಗೆಯ ಒಂದೇ ಚೌಕಟ್ಟು ಪೂರ್ತಿ ಕತೆಯನ್ನು ತಿರುಚಬಲ್ಲದು. ಹಿಂದಿನ, ಮುಂದಿನ ಚಿತ್ರಗಳನ್ನೂ ಸೇರಿಸಿಯೇ ಹಾಕಿ.

ಡ್ರೋನ್ ಹಾರಿಸಬಹುದೇ?

2021ರ ಡ್ರೋನ್ ನಿಯಮಗಳ ಪ್ರಕಾರ ಮೊದಲು ಆ ಜಾಗ ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಬೇಕು. ನನ್ನ ಸಲಹೆ ಬೇಡ ಎಂದೇ. ಜನರ ತಲೆಯ ಮೇಲೆ ಬಿದ್ದರೆ ಅಪಾಯ, ಮೇಲಿನಿಂದ ಒಂದು ಭಿತ್ತಿಪತ್ರವನ್ನೂ ಓದಲಾಗುವುದಿಲ್ಲ. ಅಂಗಡಿಯವರನ್ನು ಕೇಳಿ ಮಹಡಿ ಹತ್ತಿದರೆ ಸಾಕು.

ನಾನೂ ಈ ಹೋರಾಟದ ಪರ. ಘೋಷಣೆ ಕೂಗುತ್ತಾ ಫೋಟೊ ತೆಗೆದರೆ ತಪ್ಪೇ?

ಪರವಾಗಿರುವುದು ತಪ್ಪಲ್ಲ. ಆದರೆ "ಅಣ್ಣಾ, ಇನ್ನೊಂದು ಸಲ ಕೈ ಎತ್ತಿ ಕೂಗಿ" ಎಂದು ಹೇಳಿ ಮಾಡಿಸಬೇಡಿ. ಬಣ್ಣ ಹೊಂದಿಸಿ, ಅಂಚು ಕತ್ತರಿಸಿ, ಅಡ್ಡಿಯಿಲ್ಲ. ಖಾಲಿ ಕುರ್ಚಿ ಅಳಿಸುವುದು, ಎಐ ಬಳಸಿ ಜನರನ್ನು ತುಂಬುವುದು ಸಲ್ಲದು. ಸಂಘಟಕರ ನಡುವೆ ಜಗಳವಾದರೆ, ಮದ್ಯ ಕುಡಿದು ಯಾರಾದರೂ ರಂಪ ಮಾಡಿದರೆ ಅದೂ ನಡೆದಿದ್ದೇ. ಹಂಚದಿದ್ದರೂ ಮೂಲ ಸಂಗ್ರಹದಿಂದ ಅದನ್ನು ತೆಗೆದುಹಾಕಬೇಡಿ.

ನನ್ನ ಫೋಟೊ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆಯೇ?

ಆಗಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಷ್ ಸಂಖ್ಯೆಯೂ ಇರಬೇಕು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ತೆರೆದು ತಿದ್ದದೆ ಹಾಗೇ ಇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ಒಳಗಿನ ತಾರೀಖೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಫೋಟೊದ ಹಕ್ಕು ಯಾರದು?

ಯಾರ ಕೆಲಸಗಾರರಾಗಿಯೂ, ಹಣ ಪಡೆದು ಒಪ್ಪಿಕೊಂಡೂ ತೆಗೆದದ್ದಲ್ಲದಿದ್ದರೆ ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆನ್ನುತ್ತದೆ. ಆದರೂ ಮೆರವಣಿಗೆಯಲ್ಲಿ ನಡೆದವರು ಕೇಳಿದರೆ ಹಣ ಕೇಳದೆ ಕೊಡಿ, ಸಾಧ್ಯವಾದರೆ ಪ್ರಿಂಟ್ ಹಾಕಿಸಿ ಕೊಡಿ.

ಎಲ್ಲಿ ಇಡಬೇಕು?

ಮೂರು ಪ್ರತಿ: ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಇನ್ನೊಂದು. ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ, ಊರು, ವಿಷಯ ಎಂಬ ಕ್ರಮದಲ್ಲಿರಲಿ. ಮನವಿ ಪತ್ರ, ಕರಪತ್ರ, ಮರುದಿನದ ಪತ್ರಿಕಾ ವರದಿ ಅದೇ ಫೋಲ್ಡರಿನಲ್ಲಿರಲಿ.

ನಮ್ಮ ತಂದೆಯವರ ಕಾಲದ ನೆಗೆಟಿವ್‌ಗಳು ಟ್ರಂಕಿನಲ್ಲಿವೆ. ಏನು ಮಾಡಲಿ?

ದಯವಿಟ್ಟು ಎಸೆಯಬೇಡಿ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಅದರ ಹಿಂದಿನ ವರ್ಷಗಳ ಜಾಥಾ, ಧರಣಿಗಳೆಲ್ಲ ಫಿಲ್ಮಿನ ಕೊನೆಯ ಕಾಲದವು. ದಲಿತ ಚಳವಳಿ, ರೈತ ಸಂಘದ ಮೊದಲ ದಿನಗಳದ್ದೂ ಹಾಗೆಯೇ. ಅಂಥ ಚಿತ್ರಗಳು ಸಣ್ಣ ಊರಿನ ಸ್ಟುಡಿಯೊಗಳಲ್ಲಿ, ಕಾರ್ಯಕರ್ತರ ಮನೆಯ ಅಟ್ಟದಲ್ಲಿ ಇನ್ನೂ ಇರುತ್ತವೆ.

ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಅವನ್ನು ಉಳಿದವುಗಳಿಂದ ಬೇರೆ ಮಾಡಿ ಮೊದಲು ಸ್ಕ್ಯಾನ್ ಮಾಡಿಸಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ, ಅಂಚನ್ನಷ್ಟೇ ಹಿಡಿಯಿರಿ. ಸ್ಕ್ಯಾನರ್ ಸಿಗದಿದ್ದರೆ ಬೆಳ್ಳನೆಯ ಪರದೆ ಬೆಳಗಿಸಿದ ಟ್ಯಾಬ್ ಮೇಲೆ ಸ್ವಲ್ಪ ಎತ್ತರದಲ್ಲಿ ನೆಗೆಟಿವ್ ಹಿಡಿದು ಇನ್ನೊಂದು ಫೋನಿನಿಂದ ತೆಗೆದರೂ ನಡೆಯುತ್ತದೆ. ಆ ಮೆರವಣಿಗೆಯಲ್ಲಿ ನಡೆದವರು ಊರಿನಲ್ಲಿ ಯಾರಾದರೂ ಇದ್ದರೆ ಈ ವಾರವೇ ಹೋಗಿ ಪ್ರಿಂಟ್ ತೋರಿಸಿ, ಎಡದಿಂದ ಬಲಕ್ಕೆ ಯಾರು ಯಾರು, ಅಂದು ಏನು ಕೇಳಿದ್ದಿರಿ, ಏನು ಸಿಕ್ಕಿತು ಎಂದು ಅವರ ಮಾತಿನಲ್ಲೇ ಧ್ವನಿ ಮುದ್ರಿಸಿಕೊಳ್ಳಿ. ಪ್ರಿಂಟಿನ ಹಿಂಬದಿಗೆ ಬರೆಯುವಾಗ ಪೆನ್ನು ಬೇಡ, ಮೆತ್ತನೆಯ ಪೆನ್ಸಿಲ್ ಬಳಸಿ.